ಕುಕ್ ಟೌನಿನ ನೇಮ್‌ಪ್ಲೇಟು

ಗರುಡಾಚಾರ್‌ಪಾಳ್ಯದಲ್ಲಿ ನೇಮ್‌ಪ್ಲೇಟು ಮಾಡುವ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಒಮ್ಮೆ ಕುಕ್ ಟೌನಿನ ಮನೆಯೊಂದರ ಪ್ಲೇಟಿನಲ್ಲಿ ಗಂಡನ ಹೆಸರು ಮಾತ್ರ ಕೆತ್ತಿ, ಹೆಂಡತಿಯದನ್ನು ಬಿಟ್ಟೇಬಿಟ್ಟಿದ್ದೆವು. ಕ್ಷಮೆ ಕೇಳೋಣ ಅಂತ ಇಂಗ್ಲಿಷಿನಲ್ಲಿ ಮೆಸೇಜು ಬರೆಯೋಕೆ ಕೂತೆ.

"'ಓವರ್‌ಲುಕ್ಡ್' ಅಂತ ಹಾಕ್ಲಾ ಸಾರ್?"

"ಬೇಡ ಗುರು, ನಾವೇ ನೋಡ್ಲಿಲ್ಲ ಅಂದಂಗೆ, ತಪ್ಪು ನಮ್ದಾಗುತ್ತೆ," ಅಂದ್ರು ಓನರು. "'ಎಸ್ಕೇಪ್ಡ್ ಅವರ್ ನೋಟಿಸ್' ಅಂತ ಹಾಕು. ಆ ಹೆಸ್ರೇ ನಮ್ಮ ಕಣ್ತಪ್ಪಿಸಿ ಓಡ್ಹೋದಂಗಿರುತ್ತೆ."

ಇಬ್ಬರೂ ಜೋರಾಗಿ ನಕ್ಕೆವು.

ಬಾಗಿಲ ಹತ್ತಿರ ಪೇರಿಸಿಟ್ಟ ಶೀಟುಗಳ ಹಿಂದಿನಿಂದ ಹೆಂಗಸೊಬ್ಬರ ದನಿ ಬಂತು. "ನನ್ನ ಹೆಸ್ರು ಎಲ್ಲೂ ಓಡ್ಹೋಗಿಲ್ಲ ರೀ. ನಾನೂ ಅಷ್ಟೇ, ಆಗ್ಲಿಂದ ಇಲ್ಲೇ ಕೂತಿದೀನಿ."

ಇಣುಕಿ ನೋಡಿದರೆ, ಅವರ ತೊಡೆ ಮೇಲೆ ನಮ್ಮದೇ ಪ್ಲೇಟು.

ಓನರು ನನ್ನ ಕಿವಿ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಇವ್ರು ಇಲ್ಲೇ ಕೂತಿದ್ದೂ ಕಾಣ್ಲಿಲ್ವಲ್ಲ, ಇದಕ್ಕೆ ಯಾವ್ದು ಹಾಕೋಣ?"