ಪಕ್ಕದ ಶೆಡ್ಡಿನಲ್ಲಿ ಬಚ್ಚಿಟ್ಟ ಮಷೀನು

೧೯೯೮ರ ಬೇಸಿಗೆ. ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಬಾಡಿಗೆ ಶೆಡ್ಡೊಂದರಲ್ಲಿ ನಾನು ಎಲೆಕ್ಟ್ರಾನಿಕ್ ಕಂಟ್ರೋಲರ್‌ಗಳನ್ನು ತಯಾರಿಸುತ್ತಿದ್ದೆ. ಧಾರವಾಡದಿಂದ ಬಂದು ಪುಣೆಯ ಕೋಥರೂಡದಲ್ಲಿ ಮನೆ ಮಾಡಿದ್ದೆ. ದೊಡ್ಡ ಕಂಪನಿ ಕಟ್ಟುವ ಹುಚ್ಚು ತಲೆಗೇರಿತ್ತು. ಆದರೆ ಸರ್ಕಾರದ ನಿಯಮವೇ ವಿಚಿತ್ರ. ಸಣ್ಣ ಘಟಕಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಇತ್ತು. ಯಂತ್ರಗಳ ಬೆಲೆ ಒಂದು ಮಿತಿ ದಾಟಿತೋ, ಆ ರಿಯಾಯಿತಿ ಹೋಯಿತು. ಬೆಳೆಯಿರಿ ಎನ್ನುವವರೇ ಬೆಳೆದವರ ಕೈಬಿಡುತ್ತಾರೆ ಎಂದು ನಾನು ಸಿಕ್ಕಸಿಕ್ಕವರ ಮುಂದೆ ಗೊಣಗುತ್ತಿದ್ದೆ.

ಆ ವರ್ಷವೇ ಸರ್ಕ್ಯೂಟ್ ಬೋರ್ಡುಗಳ ಮೇಲೆ ಬಿಡಿಭಾಗ ಕೂರಿಸುವ ಹಳೆಯ ವಿದೇಶಿ ಮಷೀನೊಂದನ್ನು ತಂದಿದ್ದೆ. ಅದರಿಂದ ನಾನು ಮಿತಿ ದಾಟಿದ್ದೆ, ಯಾರಿಗೂ ಹೇಳಿರಲಿಲ್ಲ. ಅದನ್ನು ನಡೆಸುತ್ತಿದ್ದವನು ಯಾದಗಿರಿ ಕಡೆಯ ಮಲ್ಲಪ್ಪ. ಕಟ್ಟಡದ ಕೂಲಿಗೆಂದು ಪುಣೆಗೆ ಬಂದವನು ಮೂರೇ ತಿಂಗಳಲ್ಲಿ ಮಷೀನು ಕಲಿತಿದ್ದ. ಸಾಸಿವೆ ಕಾಳಿನಷ್ಟು ಭಾಗ ಓರೆಯಾದರೂ ಬೆರಳಿನಿಂದಲೇ ಸರಿಪಡಿಸುತ್ತಿದ್ದ. ಇಂಜಿನಿಯರಾದ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ದಿನ ಕೈಗಾರಿಕಾ ಇಲಾಖೆಯಿಂದ ಪತ್ರ ಬಂತು. ಗುರುವಾರ ಅಧಿಕಾರಿಗಳು ನಮ್ಮ ಯಂತ್ರಗಳನ್ನು ಪರಿಶೀಲಿಸಲು ಬರುತ್ತಾರೆ ಎಂದಿತ್ತು. ಸಿಕ್ಕಿಬಿದ್ದೆ ಎಂದುಕೊಂಡೆ. ಎರಡನೇ ಪುಟ ತಿರುವಿಯೂ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಮಷೀನನ್ನು ಪಕ್ಕದ ಲೇತ್ ಶೆಡ್ಡಿಗೆ ಸಾಗಿಸಲು ನಿಂತೆವು. ಅಡಿಗೆ ಕಬ್ಬಿಣದ ಪೈಪು ಕೊಟ್ಟು ಉರುಳಿಸುವುದು ನನ್ನ ಯೋಜನೆ.

"ಸಾಹೇಬ್ರ, ಭಾಳ ವಜ್ಜ ಅದರಿ. ಕ್ರೇನ್ ತರಸ್ರಿ," ಎಂದ ಮಲ್ಲಪ್ಪ.

"ಟೈಮ್ ಎಲ್ಲಿ ಅದನೋ? ಸುಮ್ನ ನೂಕು!" ಎಂದು ಗದರಿದೆ.

ಆ ಶೆಡ್ಡಿನ ಹೊಸ್ತಿಲ ಬಳಿ ಪೈಪು ಜಾರಿ, ಅವನ ಬಲಗೈ ಮಷೀನಿನ ಅಡಿಗೆ ಸಿಕ್ಕಿತು. ಒಮ್ಮೆ ಮಾತ್ರ ಕೂಗಿದ. ಲೇತ್ ಶೆಡ್ಡಿನವರು ಅವನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ನಾನು ಜೊತೆಗೆ ಹೋಗಬೇಕಿತ್ತು. ಹೋಗಲಿಲ್ಲ. ಉಳಿದ ಕೆಲಸಗಾರರಿಂದ ಮಷೀನನ್ನು ಒಳಗೆ ನೂಕಿಸಿ, ನೆಲದ ರಕ್ತ ತೊಳೆಸಿ, ಅಧಿಕಾರಿಯ ದಾರಿ ಕಾಯುತ್ತ ನಿಂತೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಬಂದವರು ನಡುವಯಸ್ಸಿನ ಒಬ್ಬ ಹೆಂಗಸು. ಶೆಡ್ಡನ್ನೆಲ್ಲ ನೋಡಿ, "ಇಷ್ಟೇನಾ?" ಎಂದು ಮರಾಠಿಯಲ್ಲಿ ಕೇಳಿದರು.

"ಇಷ್ಟೇ ಮೇಡಂ. ನಾವು ಸಣ್ಣವರು," ಎಂದೆ.

"ಪತ್ರ ಪೂರ್ತಿ ಓದಲಿಲ್ಲವೇ? ಬೆಳೆಯುತ್ತಿರುವ ತಾಂತ್ರಿಕ ಘಟಕಗಳನ್ನು ದೊಡ್ಡದು ಮಾಡಲು ಹೊಸ ಯೋಜನೆ ಬಂದಿದೆ. ಜಾಗ ಸಿಗುತ್ತದೆ, ರಿಯಾಯಿತಿಯೂ ಮುಂದುವರಿಯುತ್ತದೆ. ಆದರೆ ಸ್ವಯಂಚಾಲಿತ ಮಷೀನು ಇರಲೇಬೇಕು. ನಿಮ್ಮಲ್ಲಿದೆ ಎಂದು ಕೇಳಿದ್ದೆ."

ಗೋಡೆಯಾಚೆ ಮಷೀನು ತಾಡಪತ್ರಿ ಹೊದ್ದು ಕೂತಿತ್ತು. ತೋರಿಸಿದರೆ ಬಚ್ಚಿಟ್ಟದ್ದೂ ಗೊತ್ತಾಗುತ್ತಿತ್ತು, ಮಲ್ಲಪ್ಪನ ಕೈಯ ಸುದ್ದಿಯೂ ಹೊರಬೀಳುತ್ತಿತ್ತು. "ಇಲ್ಲ ಮೇಡಂ," ಎಂದೆ. ಅವರು ಏನೋ ಬರೆದುಕೊಂಡು ಹೊರಟುಹೋದರು.

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಮಲ್ಲಪ್ಪನ ಮೂರು ಬೆರಳು ತೆಗೆದಾಗಿತ್ತು. ನನ್ನನ್ನು ಕಂಡದ್ದೇ ಏಳಲು ಹೋದ.

"ಸಾಹೇಬ್ರ, ಅವ್ರಿಗಿ ಮಷೀನ್ ಕಾಣ್ಲಿಲ್ಲಲ್ರಿ?"

"ಇಲ್ಲೋ, ಕಾಣ್ಲಿಲ್ಲ."

"ಛಲೋ ಆತ್ರಿ. ಕಾರ್ಖಾನಿ ಉಳೀತು," ಎಂದು ಕಣ್ಣು ಮುಚ್ಚಿಕೊಂಡ.

ಮುಂದೆ ಅವನಿಗೆ ಗೇಟಿನ ಬಳಿ ಕೂರುವ ಕೆಲಸ ಕೊಟ್ಟೆ. ಕಂಪನಿ ದೊಡ್ಡದಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು. ಮಲ್ಲಪ್ಪ ಊರಿಗೆ ಮರಳಿದ. ಅಷ್ಟು ವರ್ಷವಾದರೂ ಕಾರ್ಖಾನೆ ನಡೆದದ್ದು ತಾನು ಬೆರಳು ಕಳೆದುಕೊಂಡದ್ದರಿಂದ ಎಂದೇ ಅವನು ನಂಬಿದ್ದಾನೆ. ಆ ಪತ್ರದ ಎರಡನೇ ಪುಟ ಇನ್ನೂ ನನ್ನ ಕಪಾಟಿನಲ್ಲಿದೆ. ಅದನ್ನು ಅವನಿಗೆ ಓದಿ ಹೇಳುವ ಧೈರ್ಯ ಇವತ್ತಿನವರೆಗೂ ನನಗೆ ಬಂದಿಲ್ಲ.