ಒಂದು ಗೆರೆ, ಒಂದು ಸಹಿ

ನನ್ನ ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲಾದರೂ ಸುಮ್ಮನಿರುತ್ತಾಳೆ ಅಂದುಕೊಂಡಿದ್ದೆ. ಅದು ನನ್ನ ಭ್ರಮೆ. ಮೊದಲು ಮನುಷ್ಯರ ಜ್ವರ ನೋಡುತ್ತಿದ್ದವಳು ಆಮೇಲೆ ಹಳ್ಳದ ಜ್ವರ ನೋಡಲು ಹೊರಟಳು.

ಕಾರಣ ನಾನೇ. ಹಳ್ಳದ ನೀರನ್ನು ತೊಟ್ಟಿಗಳಿಗೆ ತಿರುಗಿಸಿಕೊಂಡು ಮೀನು ಸಾಕುವುದು ನನ್ನ ಕಸುಬು. ನನ್ನವು ತಣ್ಣೀರಿನ ಮೀನುಗಳು. ನೀರು ಬೆಚ್ಚಗಾದರೆ ಬದುಕುವುದಿಲ್ಲ. ಮೇಲಿನ ಗಣಿಯವರು ಗುಂಡಿಯಲ್ಲಿ ನಿಂತ ನೀರನ್ನು ಪೈಪಿನಿಂದ ಹಳ್ಳಕ್ಕೆ ಬಿಡತೊಡಗಿದ ಮೇಲೆ ಎರಡು ತೊಟ್ಟಿಯ ಮರಿಗಳು ಸತ್ತು ತೇಲಿದವು. ನಾನು ಗಣಿಯ ಗೇಟಿನ ಮುಂದೆ ನಿಂತು ಗಂಟಲು ಹರಿದುಕೊಂಡೆ. ಅಕ್ಕ ಅಂಗಡಿಗೆ ಹೋಗಿ ಒಂದು ಥರ್ಮಾಮೀಟರು, ಒಂದು ನೋಟ್‌ಬುಕ್ಕು ತಂದಳು.

ಪೈಪಿನ ಕೆಳಗಿನ ನೀರು ಮೇಲಿನ ನೀರಿಗಿಂತ ಮೂರು ಡಿಗ್ರಿಗಿಂತ ಹೆಚ್ಚು ಬಿಸಿಯಿರಬಾರದು ಎಂಬುದು ನಿಯಮ. ಅಕ್ಕ ಬೆಳಿಗ್ಗೆ ಏಳಕ್ಕೆ ಪೈಪಿಗಿಂತ ಮೇಲಿರುವ ಕಾಲುಸೇತುವೆಯ ಹತ್ತಿರ ಅಳೆದು, ಗಣಿಯ ಬೇಲಿ ಸುತ್ತಿಕೊಂಡು ಒಂದೂವರೆ ಗಂಟೆ ನಡೆದು, ನನ್ನ ತೊಟ್ಟಿಗಳ ಪಕ್ಕದ ಬಂಡೆಯ ಹತ್ತಿರ ಮತ್ತೆ ಅಳೆಯುತ್ತಿದ್ದಳು. ಮಂಡಿ ನೋವಿನ ಹೆಂಗಸು, ನಲವತ್ತೆರಡು ದಿನದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ವ್ಯತ್ಯಾಸ ನಾಲ್ಕೂವರೆ, ಕೆಲವೊಮ್ಮೆ ಐದು. ನಾವು ಕೊಟ್ಟ ದೂರಿನ ಮೇಲೆ ಪರಿಸರ ಅಧಿಕಾರಿಯ ಮುಂದೆ ನಡೆಯಲಿದ್ದ ವಿಚಾರಣೆಗೆ ಹನ್ನೆರಡು ದಿನ ಉಳಿದಿತ್ತು. ಗೆದ್ದೆವು ಅಂತ ನಾನು ಮೀಸೆ ತಿರುವುತ್ತಿದ್ದೆ.

ಅಷ್ಟರಲ್ಲಿ ಯಂತ್ರ ಕೆಟ್ಟು ಗಣಿಗೆ ಒಂದು ದಿನ ರಜೆ ಬಂತು. ಪೈಪಿನಲ್ಲಿ ಹನಿ ನೀರಿರಲಿಲ್ಲ. ಆದರೂ ಕೆಳಗಿನ ನೀರು ಒಂದು ಡಿಗ್ರಿ ಹೆಚ್ಚೇ ಇತ್ತು. ಅಕ್ಕ ಬಂಡೆಯ ಮೇಲೆ ಕೂತುಬಿಟ್ಟಳು.

"ನಾನು ನಡ್ಕೊಂಡು ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ ಕಣೋ," ಅಂದಳು. "ಇಷ್ಟು ದಿನ ಬಿಸಿಲಿನ ತಪ್ಪನ್ನೂ ಗಣಿ ತಲೆಗೆ ಕಟ್ಟಿದೀನಿ."

"ಹಾಗಾದ್ರೆ ಒಂದು ಡಿಗ್ರಿ ಕಳೆದುಬಿಡು. ಆಗ್ಲೂ ಮೂರು ದಾಟುತ್ತೆ."

"ಅಂದಾಜಿನ ಮೇಲೆ ನಾನು ಯಾರಿಗೂ ಔಷಧಿ ಕೊಟ್ಟಿಲ್ಲ."

"ಸರಿ, ಸುಮ್ನಿರು. ಯಾರಿಗೆ ಗೊತ್ತಾಗುತ್ತೆ?"

ಅವಳು ನೋಟ್‌ಬುಕ್ಕು ತೆರೆದಳು. ಆಸ್ಪತ್ರೆಯ ಚಾರ್ಟಿನಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲವಂತೆ. ತಪ್ಪು ಅಂಕಿ ಓದಲು ಬರುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು. ನಲವತ್ತೆರಡು ದಿನಕ್ಕೂ ಹಾಗೆ ಗೆರೆ ಎಳೆದು, ಕಾರಣ ಬರೆದು, ಸಹಿ ಹಾಕಿದಳು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲ ಅಂತ ನಾನು ಕೂಗಾಡಿದೆ. ಅವಳು ಕೇಳಿಸಿಕೊಂಡು, ಇನ್ನೊಂದು ಥರ್ಮಾಮೀಟರು ತರಲು ಹೊರಟಳು.

ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಮುಳುಗಿಸಿ, ಒಂದೇ ಅಂಕಿ ತೋರಿಸುತ್ತವೆ ಎಂದು ಖಾತ್ರಿ ಮಾಡಿಕೊಂಡಳು. ಮರುದಿನದಿಂದ ಅವಳು ಸೇತುವೆಯ ಹತ್ತಿರ, ನಾನು ಬಂಡೆಯ ಹತ್ತಿರ. ಏಳಕ್ಕೆ ಗಣಿಯ ಸೈರನ್ ಕೂಗಿದಾಗ ಇಬ್ಬರೂ ನೋಡಿ ಬರೆಯುವುದು. ಗಣಿಯವರ ಸೈರನ್ನೇ ನಮ್ಮ ಗಡಿಯಾರ. ವ್ಯತ್ಯಾಸ ದಿನವೂ ಮೂರೂವರೆಯ ಆಸುಪಾಸಿನಲ್ಲೇ ಇತ್ತು.

ಐದನೆಯ ದಿನ ನನಗೆ ಎಚ್ಚರವಾಗಲಿಲ್ಲ. ಚಪ್ಪಲಿ ಹುಡುಕುವಾಗಲೇ ಸೈರನ್ ಕೂಗಿತು. ಓಡಿಹೋಗಿ ಹಿಂದಿನ ದಿನದ ಅಂಕಿಯನ್ನೇ ಬರೆದೆ. ಮಧ್ಯಾಹ್ನದವರೆಗೆ ತಡೆದುಕೊಂಡೆ, ಆಮೇಲೆ ಆಗಲಿಲ್ಲ, ಹೇಳಿಬಿಟ್ಟೆ. ಅಕ್ಕ ಬೈಯಲಿಲ್ಲ. ಗೆರೆ ಎಳೆದು ಪೆನ್ನನ್ನು ನನ್ನ ಕಡೆ ತಳ್ಳಿದಳು.

"ತಪ್ಪು ನಿಂದು. ಸಹಿ ನೀನೇ ಹಾಕು."

ವಿಚಾರಣೆಯ ದಿನ ಗಣಿಯ ಮ್ಯಾನೇಜರು ಎದ್ದು ನಿಂತರು. "ಮೇಡಂ, ಈಯಮ್ಮ ಎರಡು ಕಡೆ ಅಳೆಯೋದರ ನಡುವೆ ಒಂದೂವರೆ ಗಂಟೆ ಅಂತರ. ನಮ್ಮ ವಾಚ್‌ಮನ್ ವಾರಗಟ್ಟಲೆ ನೋಡಿದಾನೆ. ಈ ಅಂಕಿ ನಂಬೋ ಹಾಗಿಲ್ಲ."

ಅಧಿಕಾರಿ ಪುಟ ತಿರುವಿದರು. "ಆ ಪುಟಗಳನ್ನ ಅವರೇ ಹೊಡೆದು ಹಾಕಿದಾರಲ್ಲ. ಕಾರಣಾನೂ ನೀವು ಹೇಳಿದ್ದೇ. ಆಮೇಲಿಂದು ನೋಡಿದ್ರಾ?"

ಮ್ಯಾನೇಜರು ಕೂತರು. ಅಧಿಕಾರಿಯ ಬೆರಳು ಒಂದು ಕಡೆ ನಿಂತಿತು. "ಇಲ್ಲೊಂದು ಸಹಿ ಬೇರೆ ಇದೆ. ಯಾರದು?"

ಅಕ್ಕ ಕನ್ನಡಕ ಒರೆಸುತ್ತಾ ಕೂತಿದ್ದಳು. ನಾನು ಎದ್ದೆ.

"ನಂದು ಮೇಡಂ. ಅವತ್ತು ತಡವಾಗಿ ಹೋಗಿ ಸುಳ್ಳು ಬರೆದಿದ್ದೆ."

"ಉಳಿದ ದಿನ?"

"ನಿಜಾನೇ ಬರೆದಿದೀನಿ."

ಅಧಿಕಾರಿ ಉಳಿದ ಪುಟಗಳನ್ನು ಕೊನೆಯವರೆಗೂ ಓದಿದರು. ಆಮೇಲೆ, ನೀರು ತಣಿಸುವ ಕೊಳ ಕಟ್ಟುವವರೆಗೆ ಪೈಪು ಮುಚ್ಚಬೇಕು ಎಂದು ಬರೆದರು.

ಹೊರಗೆ ಬಂದಾಗ ನನಗೆ ನಾಚಿಕೆ, ಹೆಮ್ಮೆ ಎರಡೂ ಒಟ್ಟಿಗೇ ಉಕ್ಕಿ ಬಂದವು. ಅಕ್ಕ ಮೆಟ್ಟಿಲಿಳಿಯಲು ನನ್ನ ಭುಜ ಹಿಡಿದಳು.

"ಪೈಪು ಮುಚ್ಚಿದ್ರೋ ಇಲ್ವೋ ನೋಡ್ಬೇಕಲ್ಲ," ಅಂದಳು. "ನಾಳೆ ಏಳಕ್ಕೆ ಬಂಡೆ ಹತ್ರ ಇರ್ತೀಯಾ?"

"ಆರೂವರೆಗೇ ಇರ್ತೀನಿ ಅಕ್ಕ," ಅಂದೆ.