ದೋಣಿ ತಪ್ಪಿದ ಮನೆ

ದಾಂಡೇಲಿಯ ಕಾಗದದ ಕಾರಖಾನೆಯಲ್ಲಿ ಬಿದಿರು ಹೊರುತ್ತಿದ್ದ ಪರಸಪ್ಪನಿಗೆ ಎರಡು ಕೆಲಸ. ಆರು ದಿನ ಹೊಟ್ಟೆಯದು, ಏಳನೆಯ ದಿನ ದೇವರದು. ಹೊಟ್ಟೆಯ ಕೆಲಸಕ್ಕೆ ಕಾರಖಾನೆಯ ಭೋಂಗಾ ಕೂಗಿ ಕರೆಯುತ್ತಿತ್ತು. ದೇವರ ಕೆಲಸಕ್ಕೆ ಯಾರೂ ಕರೆಯಬೇಕಿರಲಿಲ್ಲ. ರವಿವಾರ ಬೆಳಿಗ್ಗೆ ಮಿಂದು, ಹಣೆಗೆ ಭಂಡಾರದ ಅರಿಸಿನ ಬಳಿದುಕೊಂಡು, ಅಪ್ಪನಿಂದ ಬಂದ ಮರದ ದೋಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟನೆಂದರೆ ಕಾರ್ಮಿಕರ ಲೈನಿನ ನಾಯಿಗಳೆಲ್ಲ ಬಾಲ ಆಡಿಸುತ್ತ ಅವನ ಹಿಂದೆ ಬರುತ್ತಿದ್ದವು.

ದೋಣಿ ಎಂದರೆ ಹೊಳೆ ದಾಟುವ ದೋಣಿಯಲ್ಲ. ಮೈಲಾರಲಿಂಗನ ಒಕ್ಕಲಿನವರು ನಾಯಿಗಳಿಗೆ ಹಾಲು ರೊಟ್ಟಿ ಹಾಕುವ ಮೊಳದುದ್ದದ ಮರದ ಬೋಗುಣಿ. ಆ ದೇವರಿಗೆ ನಾಯಿ ಎಂದರೆ ಪ್ರೀತಿ, ಹಾಗಾಗಿ ಅವನ ಒಕ್ಕಲಿಗೂ ಪ್ರೀತಿ. ಕಾರಖಾನೆ ಕಟ್ಟುವಾಗಲೇ ರಾಣೆಬೆನ್ನೂರಿನ ಕಡೆಯಿಂದ ಕೂಲಿಗೆ ಬಂದ ಪರಸಪ್ಪ ಊರಿನಿಂದ ತಂದದ್ದು ಹೆಂಡತಿ ಕೆಂಚವ್ವನನ್ನು, ಒಂದು ತಗಡಿನ ಟ್ರಂಕನ್ನು ಮತ್ತು ಈ ದೋಣಿಯನ್ನು. ಲೈನಿನಲ್ಲಿ ಧಾರವಾಡ ಜಿಲ್ಲೆಯವರು ಮೈಲಾರ ಎನ್ನುತ್ತಿದ್ದರು, ಬೆಳಗಾವಿ ಕಡೆಯವರು ಖಂಡೋಬಾ ಎನ್ನುತ್ತಿದ್ದರು. ದೋಣಿ ಬಂದರೆ ಇಬ್ಬರೂ ಹಾಲು ಸುರಿಯುತ್ತಿದ್ದರು.

ಪರಸಪ್ಪನ ಮನೆತನಕ್ಕೆ ಒಂದು ಕಟ್ಟಳೆ ಇತ್ತು. ಮೊದಲ ಮನೆಯವರು ಹಾಕಿದ್ದನ್ನು ಆ ಮನೆಯ ನಾಯಿ ತಿನ್ನಬೇಕು, ತಳದಲ್ಲಿ ಸ್ವಲ್ಪ ಉಳಿಯಬೇಕು, ಅದರ ಮೇಲೆಯೇ ಎರಡನೆಯ ಮನೆಯವರು ಹಾಕಬೇಕು. ಕೊನೆಯ ಮನೆ ಮುಗಿಯುವ ತನಕ ದೋಣಿ ಬರಿದಾಗಬಾರದು, ಅದಕ್ಕೆ ನೀರು ಸೋಕಬಾರದು. ಹಿಂದಿನ ಮನೆಯ ಎಂಜಲೇ ಮುಂದಿನ ಮನೆಯ ಪ್ರಸಾದ. "ದೋಣಿ ಬರಿದಾದ್ರ ಒಕ್ಕಲು ಬರಿದಾಕ್ಕೈತಿ" ಎಂದು ಅಪ್ಪ ಸಾಯುವ ಮುಂಚೆ ಹೇಳಿದ್ದ. ಪರಸಪ್ಪ ಬೇರೆ ಆಸ್ತಿ ಕಾಣದವನು. ಆ ಮಾತನ್ನೇ ಆಸ್ತಿಯಂತೆ ಕಾಯ್ದುಕೊಂಡು ಬಂದ.

ಲೈನಿನ ಇಪ್ಪತ್ತೊಂದು ಒಕ್ಕಲು ಮನೆಗಳಲ್ಲಿ ಒಂದಕ್ಕೆ ಮಾತ್ರ ದೋಣಿ ಹೋಗುತ್ತಿರಲಿಲ್ಲ. ಅದು ಮಾಲವ್ವನ ಮನೆ. ಗಂಡ ಸತ್ತ ಮೇಲೆ ಕಾರಖಾನೆಯ ಅಂಗಳ ಗುಡಿಸಿ ಬದುಕುತ್ತಿದ್ದ ಹೆಂಗಸು. ಮೂರು ವರ್ಷದ ಹಿಂದೆ ಒಂದು ರವಿವಾರ ಅವಳ ಮನೆಯಲ್ಲಿ ಹಾಲಿರಲಿಲ್ಲ, ದೋಣಿಗೆ ಮಜ್ಜಿಗೆ ಹಾಕಲು ಬಂದಳು. ಜೊತೆಗಿದ್ದ ಕೆಂಚವ್ವ, "ಮಜ್ಜಿಗಿ ಹಾಕಿ ಎಲ್ಲಾರ ಹಾಲು ಒಡಸ್ತೀಯೇನ?" ಎಂದುಬಿಟ್ಟಳು. ನಾಲ್ಕು ಜನರ ಎದುರು ಆಡಿದ ಮಾತು. ಮಾಲವ್ವ ಮಜ್ಜಿಗೆಯ ಚರಿಗೆಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಳು. ಮುಂದಿನ ರವಿವಾರ ಪರಸಪ್ಪ ಆ ಬಾಗಿಲ ಮುಂದೆ ನಿಲ್ಲಲು ನಾಚಿ ದಾಟಿ ಹೋದ. ಒಮ್ಮೆ ದಾಟಿದ್ದೇ ರೂಢಿಯಾಯಿತು. ಅವಳ ಬಾಗಿಲೂ ಬಾಗಿಲಲ್ಲ, ಬಿದಿರಿನ ತಟ್ಟಿ. ಅವಳು ಕೆಲಸಕ್ಕೆ ಹೋದಾಗ ಮನೆ ಕಾಯುತ್ತಿದ್ದದ್ದು ಒಳಗೆ ಹಗ್ಗ ಹಾಕಿ ಕಟ್ಟಿದ ಕಂದು ನಾಯಿ.

ಅರವತ್ತೆರಡರ ದೀಪಾವಳಿ ಕಳೆದು ಚಳಿ ಬಿದ್ದಾಗ ಲೈನಿನ ಶಂಕ್ರಪ್ಪನ ನಾಯಿ ಅನ್ನ ಬಿಟ್ಟಿತು. ಕಣ್ಣಿಗೆ ಪಿಚ್ಚು, ಮೂಗಿನಲ್ಲಿ ಸಿಂಬಳ. ಎಂಟು ದಿನಕ್ಕೆ ಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಆಮೇಲೆ ಪಕ್ಕದ ಗೋದುಬಾಯಿಯ ಮನೆಯ ನಾಯಿ, ಅದರಾಚೆಗೆ ದ್ಯಾಮಪ್ಪನದು, ಆಮೇಲೆ ಗಟಾರ ದಾಟಿ ಹಿಂದಿನ ಲೈನು. ಜನ ಹೆದರಿದರು. ಹೆದರಿದವರು ಪರಸಪ್ಪನನ್ನೇ ಕರೆದರು, ಇನ್ಯಾರನ್ನು ಕರೆದಾರು? "ಮೈಲಾರ ಮುನಿದಾನ, ದೋಣಿ ತಗೊಂಡ ಬಾ" ಎಂದರು. ರವಿವಾರದ ಕೆಲಸ ದಿನದ ಕೆಲಸವಾಯಿತು. ಪಾಳಿ ಮುಗಿಸಿ, ಬಿದಿರು ಉಜ್ಜಿ ಸುಲಿದ ಹೆಗಲಿನ ಮೇಲೆಯೇ ವಲ್ಲಿ ಹಾಕಿಕೊಂಡು ಅವನು ಮನೆ ಮನೆ ತಿರುಗಿದ. ನಾಯಿಯ ಬಾಯಿ ಬಿಡಿಸಿ ದೋಣಿಯ ಹಾಲಿನ ಅಂಬಲಿ ತೊಟ್ಟಿಕ್ಕಿಸುವುದು, ಅದೇ ವಲ್ಲಿಯಿಂದ ಕಣ್ಣು ಮೂಗು ಒರೆಸುವುದು, ಹಣೆಗೆ ಭಂಡಾರ ಇಡುವುದು, ಮುಂದಿನ ಮನೆಗೆ ಹೋಗುವುದು. ಮನೆಗೆ ಬಂದು ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಅವನ ಸ್ವಂತ ನಾಯಿ ಬಂಟನೂ ಒಂದು ದಿನ ಮೂಗು ಸುರಿಸುತ್ತ ಮೂಲೆ ಸೇರಿತು. ಕೆಂಚವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.

ಆ ವಾರ ಹಳಿಯಾಳದಿಂದ ಎಮ್ಮೆಗಳಿಗೆ ಸೂಜಿ ಹಾಕಲು ಬಸಲಿಂಗಯ್ಯ ಬಂದಿದ್ದ. ದನದ ದವಾಖಾನೆಯ ಕಂಪೌಂಡರು, ತಲೆ ನೆರೆತ ಮನುಷ್ಯ. ಪರಸಪ್ಪ ಅವನನ್ನು ಅಂಗಲಾಚಿ ಮನೆಗೆ ಕರೆತಂದ. ಬಸಲಿಂಗಯ್ಯ ಬಂಟನನ್ನು ನೋಡಿದ, ಮುಟ್ಟಲಿಲ್ಲ.

"ಹುಚ್ಚು ಅಲ್ಲಪಾ ಇದು. ನಾಯಿಯಿಂದ ನಾಯಿಗೆ ಹತ್ತೂ ಬ್ಯಾನಿ. ಮನಶ್ಯಾರಿಗೆ ಬರೂದಿಲ್ಲ. ದೊಡ್ಡ ಊರಾಗ ಇದಕ್ಕ ಸೂಜಿ ಐತಿ ಅಂತಾರ, ನಮ್ಮ ಕಡೆ ಇನ್ನೂ ಬಂದಿಲ್ಲ."

"ಹೆಂಗ ಹತ್ತತೈತ್ರಿ ಸಾಹೇಬ್ರ?"

"ಸಿಂಬಳ, ಜೊಲ್ಲು, ಉಂಡ ತಾಟು. ಮುಟ್ಟಿದವರ ಕೈ, ಉಟ್ಟ ಅರಿವಿ. ಬ್ಯಾನಿ ನಾಯಿ ಮುಟ್ಟಿ ಮತ್ತೊಂದು ನಾಯಿ ಹತ್ರ ಹೋಗಬಾರದು. ಬ್ಯಾನಿ ಬಂದದ್ದನ್ನ ಬ್ಯಾರೆ ಕಟ್ಟಬೇಕು, ಹಾಸಿದ ಗೋಣಿಚೀಲ ಸುಡಬೇಕು. ಮೊದಲು ಯಾರ ಮನ್ಯಾಗ ಬಂತು?"

ಪರಸಪ್ಪ ಬೆರಳು ಮಡಿಚಿ ಹೇಳತೊಡಗಿದ. ಶಂಕ್ರಪ್ಪ. ಗೋದುಬಾಯಿ. ದ್ಯಾಮಪ್ಪ. ಆಮೇಲೆ ಗಟಾರದಾಚೆಯ ಸಿದ್ದಕ್ಕ. ನಾಲ್ಕನೆಯ ಬೆರಳಿಗೆ ಅವನ ಬಾಯಿ ನಿಂತಿತು. ಅದು ದೋಣಿಯ ದಾರಿ. ಅವನು ಎಲ್ಲಿ ಗಟಾರ ದಾಟುತ್ತಿದ್ದನೋ ಬೇನೆಯೂ ಅಲ್ಲೇ ದಾಟಿತ್ತು. ಗೋದುಬಾಯಿಗೂ ದ್ಯಾಮಪ್ಪನಿಗೂ ನಡುವೆ ಮಾಲವ್ವನ ಮನೆ ಇತ್ತು. ಅವಳ ಕಂದು ನಾಯಿ ಆ ದಿನ ಬೆಳಿಗ್ಗೆಯೂ ಗಟ್ಟಿಯಾಗಿ ಬೊಗಳಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪರಸಪ್ಪ ಒಳಗೆ ಹೋಗಿ ದೋಣಿಯನ್ನು ತಂದು ತೋರಿಸಿದ. ಬಸಲಿಂಗಯ್ಯನೂ ದೇವರು ದಿಂಡರು ಬಲ್ಲವನೇ. ಅವನು ಬಗ್ಗಿ ಆ ಮರದ ತಳದಲ್ಲಿ ಅಂಟಿದ್ದನ್ನು ನೋಡಿದ.

"ಮಂದಿ ಜೋಡಿ ನಾ ಜಗಳಾಡಂಗಿಲ್ಲ. ನೀನ ಹೇಳು. ನಿನ್ನ ಮಾತು ಕೇಳ್ತಾರ" ಎಂದು ಬಸ್ಸಿಗೆ ಹೊರಟುಹೋದ.

ಅದೇ ಸಂಜೆ ಹೊತ್ತು ಮುಳುಗುವ ಮುಂಚೆ ಮಾಲವ್ವ ಬಂದಳು. ಮೂರು ವರ್ಷ ಈ ಕಡೆ ತಲೆ ಹಾಕದವಳು. ಎರಡೂ ಕೈಯಲ್ಲಿ ಚರಿಗೆ ಹಿಡಿದು, ಸೆರಗು ತಲೆಯ ಮೇಲೆ ಹೊದ್ದು, ಅಂಗಳದ ಅಂಚಿನಲ್ಲಿ ನಿಂತಳು.

"ಪರಸಣ್ಣಾ, ಎರಡೂ ಕಡೆ ಮನ್ಯಾಗ ಬ್ಯಾನಿ ಬಂದೈತಿ. ನನಗ ಇರೂದು ಆ ನಾಯಿ ಒಂದ. ನಮ್ಮನಿಗೂ ದೋಣಿ ತಾ. ಈ ಸಲ ಮಜ್ಜಿಗಿ ಅಲ್ಲ, ಹಾಲು ತಂದೇನಿ. ಗೌಳ್ಯಾರ ಮನಿ ಸಗಣಿ ಬಳದು ಇಸಗೊಂಡ ಬಂದೇನಿ."

ಅವಳು ಎರಡು ಹೆಜ್ಜೆ ಮುಂದೆ ಬಂದಳು. ಪರಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವನ ವಲ್ಲಿಯ ತುಂಬ ಬಂಟನ ಸಿಂಬಳವಿತ್ತು.

"ಹತ್ರ ಬರಬ್ಯಾಡ ತಂಗಿ, ಅಲ್ಲೇ ನಿಲ್ಲು. ದೋಣಿ ತರೂದಿಲ್ಲ."

ಮಾಲವ್ವನ ಮುಖ ಇಳಿಯಿತು. ಪರಸಪ್ಪ ತನಗೆ ತಿಳಿದಂತೆ ಹೇಳಿದ. ದೋಣಿಯೇ ಬೇನೆ ಹೊತ್ತು ತಿರುಗಿದೆ, ನಿನ್ನ ಮನೆ ತಪ್ಪಿದ್ದಕ್ಕೇ ನಿನ್ನ ನಾಯಿ ಉಳಿದಿದೆ, ಅದನ್ನು ಒಳಗೇ ಕಟ್ಟು, ನನ್ನನ್ನೂ ಸೇರಿಸಿ ಯಾರನ್ನೂ ಮುಟ್ಟಗೊಡಬೇಡ ಎಂದ. ದಣಿದ ಬಾಯಿಯಲ್ಲಿ ಮಾತು ತಡವರಿಸಿತು. ಅವನ ಕಿವಿಗೇ ಅದು ನೆಪದಂತೆ ಕೇಳಿಸಿತು.

"ದೇವರ ದೋಣಿಯಿಂದ ಬ್ಯಾನಿ ಬರತೈತೇನು?" ಎಂದಳು ಮಾಲವ್ವ, ದನಿ ಏರಿಸದೆ. "ಇಪ್ಪತ್ತು ಮನಿಗೆ ಹೋದಾಗ ಬರಲಿಲ್ಲ ಈ ಮಾತು. ದೇವರು ವರ ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರ, ಖರೇ ಐತಿ."

ಅವಳು ಬಗ್ಗಿ ಚರಿಗೆಯ ಹಾಲನ್ನು ಅಂಗಳದ ಮಣ್ಣಿನಲ್ಲಿ ಸುರಿದಳು. ಒಂದು ಹನಿಯೂ ಉಳಿಯದಂತೆ ಸುರಿದು, ಬರಿ ಚರಿಗೆ ಹಿಡಿದುಕೊಂಡು ಹೋದಳು.

ಒಳಗಿನಿಂದ ಕೆಂಚವ್ವ ಎದ್ದು ಬಂದಳು. "ತಪ್ಪು ನಂದು. ಹೋಗಿ ಕಾಲಿಗೆ ಬೀಳ್ತೇನಿ" ಎಂದಳು. ಪರಸಪ್ಪ ಅವಳ ಸೀರೆಯನ್ನು ನೋಡಿದ. ಬಂಟ ನಾಲ್ಕು ದಿನ ಅದರ ಮೇಲೆಯೇ ಮಲಗಿತ್ತು. "ನೀನೂ ಹೋಗಬ್ಯಾಡ" ಎಂದ. ಇಬ್ಬರೂ ಹಾಲು ಇಂಗುವುದನ್ನು ನೋಡುತ್ತ ಕೂತರು. ಸರಿಯಾದ ಕೆಲಸ ಮಾಡಿದವನಿಗೆ ಸಮಾಧಾನವಾದರೂ ಸಿಗಬೇಕಿತ್ತು. ಅವನಿಗೆ ಅದೂ ಸಿಗಲಿಲ್ಲ.

ಮರುದಿನದಿಂದ ಪರಸಪ್ಪ ಬರಿಗೈಯಲ್ಲಿ ತಿರುಗಿದ. ಯಾರ ಹೊಸ್ತಿಲೂ ಮೆಟ್ಟದೆ, ನಾಯಿ ಬಾಲ ಆಡಿಸಿ ಬಂದರೆ ಕಲ್ಲೆತ್ತಿ ಬೆದರಿಸಿ, ದಾರಿಯಲ್ಲೇ ನಿಂತು ಹೇಳಿದ. ಕಟ್ಟಿ ಹಾಕ್ರಿ, ಒಬ್ಬರ ತಾಟು ಒಬ್ಬರಿಗೆ ಕೊಡಬ್ಯಾಡ್ರಿ, ಗೋಣಿಚೀಲ ಸುಡ್ರಿ. ಕೆಲವರು ಕೇಳಿದರು. ದ್ಯಾಮಪ್ಪನಂಥವರು, "ದೋಣಿ ಹೊರೂದು ಬ್ಯಾಸರಾತೇನೋ" ಎಂದು ನಕ್ಕರು. ಬ್ಯಾಸರ ಎಂಬುದು ಸುಳ್ಳಲ್ಲ. ಆದರೆ ಬರಿಗೈ ದೋಣಿಗಿಂತ ಭಾರ ಎಂದು ಯಾರಿಗೆ ಹೇಳುವುದು? ಹಿಂದೆ ಬಂದ ನಾಯಿಗಳಿಗೆ ಕಲ್ಲೆತ್ತಿದ ಕೈ ಅದು.

ಬಂಟ ಸತ್ತಿತು. ಹೋಳಿಯ ಹೊತ್ತಿಗೆ ಬೇನೆ ನಿಂತಿತು. ಜನರು ಮಾತು ಕೇಳಿದ್ದಕ್ಕೆ ನಿಂತಿತೋ ಸಾಯಲು ನಾಯಿಗಳೇ ಉಳಿಯದ್ದಕ್ಕೋ ಹೇಳುವುದು ಕಷ್ಟ. ಉಳಿದವು ಐದು. ನಾಲ್ಕು ದೋಣಿಯ ದಾರಿಯ ಕೊನೆಯ ಮನೆಗಳವು, ದೋಣಿ ನಿಂತ ಮೇಲೆ ಕಟ್ಟಿಹಾಕಿದಂಥವು. ಐದನೆಯದು ಮಾಲವ್ವನ ಕಂದು ನಾಯಿ.

ಪರಸಪ್ಪ ದೋಣಿಯನ್ನು ಸುಣ್ಣದ ನೀರಿನಲ್ಲಿ ತೊಳೆದು ಜಂತಿಗೆ ಕಟ್ಟಿದ. ಮತ್ತೆ ಇಳಿಸಲಿಲ್ಲ. ಹೊಸ ನಾಯಿಗಳು ಬಂದ ಮೇಲೆ ರವಿವಾರ ಭಂಡಾರದ ಚೀಲ ಮಾತ್ರ ಹಿಡಿದು ಹೋಗುತ್ತಿದ್ದ. ಮನೆಯವರೇ ತಮ್ಮ ತಾಟಿನಲ್ಲಿ ತಮ್ಮ ನಾಯಿಗೆ ಹಾಲು ಹಾಕಬೇಕು, ಅವನು ದೂರ ನಿಂತು ಮೈಲಾರನ ಹೆಸರಿನಲ್ಲಿ "ಏಳುಕೋಟಿ" ಅನ್ನಬೇಕು. ಅಪ್ಪ ಹೇಳಿದ ಕಟ್ಟಳೆ ಅವನ ಕೈಯಲ್ಲೇ ಮುರಿಯಿತು. ಊರ ಕಡೆಯವರು ಬಂದಾಗ ಅವನು ಆ ವಿಷಯ ತೆಗೆಯುತ್ತಿರಲಿಲ್ಲ.

ಮಾಲವ್ವ ಅವನೊಂದಿಗೆ ಮತ್ತೆ ಮಾತಾಡಲಿಲ್ಲ. ಅವನೂ ಆ ಬಾಗಿಲಿಗೆ ಹೋಗಲಿಲ್ಲ. ಬೆಳಿಗ್ಗೆ ಪಾಳಿಗೆ ಹೋಗುವಾಗ ಅವಳ ಮನೆಯ ಮುಂದೆಯೇ ದಾರಿ. ಅವನ ಕೈಯ ತುತ್ತು ತಿನ್ನದ, ಅವನ ವಾಸನೆ ಅರಿಯದ ನಾಯಿ ತಟ್ಟಿಯ ಹಿಂದಿನಿಂದ ಕಳ್ಳನಿಗೆ ಬೊಗಳಿದಂತೆ ಬೊಗಳುತ್ತಿತ್ತು. ಒಳಗಿದ್ದ ಮಾಲವ್ವ ಅದನ್ನು ಒಮ್ಮೆಯೂ ಗದರಿಸುತ್ತಿರಲಿಲ್ಲ. ಬೊಗಳಲಿ ಎಂದೇ ಪರಸಪ್ಪನೂ ಅಲ್ಲಿ ನಿಧಾನವಾಗಿ ನಡೆಯುತ್ತಿದ್ದ.